ಒಲಿಂಪಿಕ್ಸ್‌ನ ಶಟಲ್ ಅಂಗಣಕ್ಕೆ ದಾರಿ: ವಶೀಲಿಯಲ್ಲ, ಲೆಕ್ಕ

ಒಲಿಂಪಿಕ್ಸ್‌ಗೆ ಹೋಗುವ ಆಟಗಾರರನ್ನು ಆರಿಸುವುದು ಯಾರು ಎಂದು ಏಳನೆಯ ತರಗತಿಯ ಮಕ್ಕಳನ್ನು ಕೇಳಿ ನೋಡಿ. ಪ್ರಧಾನಮಂತ್ರಿ ಅನ್ನುವವರಿದ್ದಾರೆ, ಕೋಚ್ ಅನ್ನುವವರಿದ್ದಾರೆ, ಟಿ.ವಿ.ಯವರು ಅನ್ನುವವರೂ ಇದ್ದಾರೆ. ಅದೇ ಪ್ರಶ್ನೆಯನ್ನು ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೇಳಿದರೆ ದೊಡ್ಡವರ ಉತ್ತರ ಒಂದೇ: "ಎಲ್ಲ ವಶೀಲಿ ಮಾರಾಯ್ರೆ. ನಮ್ಮ ಮಕ್ಕಳಿಗೆ ಸಿಕ್ಕುವಂಥದ್ದಲ್ಲ ಅದು."

ಮಕ್ಕಳ ಉತ್ತರ ಕೇಳಿದರೆ ನಗು ಬರುತ್ತದೆ. ದೊಡ್ಡವರ ಉತ್ತರಕ್ಕೆ ನಗಲು ನಮ್ಮಿಂದಾಗುವುದಿಲ್ಲ. ಮನೆಯಲ್ಲಿ ದಿನಾ ಇದನ್ನೇ ಕೇಳಿಸಿಕೊಂಡ ಮಗು ಆಡುವುದಕ್ಕೆ ಮೊದಲೇ ಸೋತಿರುತ್ತದೆ. ಆಟದಲ್ಲಿ ಸೋತರೆ ನಾಳೆ ಗೆಲ್ಲಬಹುದು. 'ಇದು ನಮಗಲ್ಲ' ಎಂದು ಸೋತವನಿಗೆ ನಾಳೆ ಎಂಬುದೇ ಇಲ್ಲ.

ಹಾಗಾಗಿ ಈ ಸಲ ಶಟಲ್ ವಿಷಯ ಬರೆಯೋಣ ಎಂದುಕೊಂಡೆವು. ಬ್ಯಾಡ್ಮಿಂಟನ್ ಎಂದು ಪೇಪರಿನಲ್ಲಿ ಬರೆದರೂ ನಮ್ಮ ಕಾಸರಗೋಡಿನ ಕಡೆ ಅದು ಶಟಲ್ಲೇ. ಮಳೆ ನಿಂತು ಅಂಗಳ ಒಣಗಿತೆಂದರೆ ಅಡಿಕೆ ಹರಡುವ ಜಾಗದಲ್ಲೂ ನೆಟ್ ಕಟ್ಟಿ ಆಡುತ್ತೇವೆ. ಈ ಆಟದಲ್ಲಿ ಒಲಿಂಪಿಕ್ಸ್ ಸೀಟು ಸಿಗುವುದು ಹೇಗೆ ಎಂಬುದು ಗುಟ್ಟೇನಲ್ಲ, ಅದೊಂದು ಲೆಕ್ಕ. ಐದನೆಯ ತರಗತಿಯ ಕೂಡಿಸುವ ಲೆಕ್ಕ ಬಲ್ಲ ಮಗುವಿಗೆ ಅದು ಅರ್ಥವಾಗುತ್ತದೆ. ಆದರೆ ಆ ಲೆಕ್ಕದೊಳಗೆ ಇನ್ನೊಂದು ಲೆಕ್ಕ ಅಡಗಿದೆ. ಎರಡನ್ನೂ ಮಕ್ಕಳಿಗೆ ಹೇಳಬೇಕು ಎಂಬುದು ನಮ್ಮ ಅಭಿಪ್ರಾಯ.

ಮೊದಲನೆಯ ಲೆಕ್ಕ

2024ರ ಪ್ಯಾರಿಸ್ ಒಲಿಂಪಿಕ್ಸ್ ಅನ್ನೇ ತೆಗೆದುಕೊಳ್ಳೋಣ. ಬ್ಯಾಡ್ಮಿಂಟನ್‌ಗೆ ಇಡೀ ಜಗತ್ತಿಗೆ ಇಟ್ಟದ್ದು 172 ಸೀಟು. ಅರ್ಧ ಗಂಡಸರಿಗೆ, ಅರ್ಧ ಹೆಂಗಸರಿಗೆ. ಡಬಲ್ಸ್‌ನ ಪ್ರತಿ ವಿಭಾಗಕ್ಕೆ 16 ಜೋಡಿ, ಉಳಿದ ಸೀಟು ಸಿಂಗಲ್ಸ್‌ಗೆ. ಇವುಗಳನ್ನು ತುಂಬಿಸಲು ಒಂದು ಸಮಿತಿ ಕೂತು ಹೆಸರು ಬರೆಯಲಿಲ್ಲ. 2023ರ ಮೇ 1ರಿಂದ 2024ರ ಏಪ್ರಿಲ್ 28ರವರೆಗೆ ಜಗತ್ತಿನ ಬೇರೆ ಬೇರೆ ಕಡೆ ನಡೆದ ಪಂದ್ಯಾವಳಿಗಳಲ್ಲಿ ಯಾರು ಎಷ್ಟು ಅಂಕ ಗಳಿಸಿದರು ಎಂದು ಕೂಡಿಸಿ, ಏಪ್ರಿಲ್ 30ಕ್ಕೆ ಪಟ್ಟಿ ಹೊರಡಿಸಿದರು. 'ರೇಸ್ ಟು ಪ್ಯಾರಿಸ್' ಎಂದು ಅದರ ಹೆಸರು. ಪಟ್ಟಿಯ ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಸೀಟು ಕೊಡುವುದು, ಅಷ್ಟೆ.

ಹಾಗಾದರೆ ಮೇಲಿನವರೆಲ್ಲ ಚೀನಾ, ಜಪಾನ್, ಇಂಡೋನೇಷ್ಯಾದವರೇ ಆಗುವುದಿಲ್ಲವೇ? ಆಗುತ್ತಾರೆ. ಅದಕ್ಕೇ ಒಂದು ಮಿತಿ ಇಟ್ಟಿದ್ದಾರೆ. ಸಿಂಗಲ್ಸ್‌ನಲ್ಲಿ ಒಂದು ದೇಶದಿಂದ ಒಬ್ಬರು. ಇಬ್ಬರು ಹೋಗಬೇಕಾದರೆ ಇಬ್ಬರೂ ಪಟ್ಟಿಯ ಮೊದಲ 16ರೊಳಗೆ ಇರಬೇಕು. ಡಬಲ್ಸ್‌ನಲ್ಲಿ ಎರಡು ಜೋಡಿ ಹೋಗಬೇಕಾದರೆ ಎರಡೂ ಮೊದಲ 8ರೊಳಗೆ ಬೇಕು. ಮೂರನೆಯವರಿಗೆ ಜಾಗವೇ ಇಲ್ಲ, ಎಷ್ಟು ದೊಡ್ಡ ಆಟಗಾರರಾದರೂ. 2012ರ ಲಂಡನ್ ತನಕ, ಮೂವರೂ ಮೊದಲ ನಾಲ್ಕರೊಳಗೆ ಇದ್ದರೆ ಸಿಂಗಲ್ಸ್‌ಗೆ ಮೂವರನ್ನು ಕಳಿಸಬಹುದಿತ್ತು. ಆಮೇಲೆ ಅದನ್ನೂ ತೆಗೆದುಹಾಕಿದರು.

ಇನ್ನೂ ಕೆಲವು ಬಾಗಿಲುಗಳಿವೆ. ಪ್ರತಿ ಖಂಡದಿಂದಲೂ ಆಟಗಾರರು ಇರಬೇಕೆಂಬ ನಿಯಮವಿದೆ. ಆತಿಥೇಯ ದೇಶಕ್ಕೆ ಸೀಟು ಖಾತ್ರಿ. ಸಣ್ಣ ದೇಶಗಳಿಗೆಂದು ಕೆಲವು ಆಮಂತ್ರಣದ ಸೀಟು. ಇಷ್ಟೆಲ್ಲ ಇರುವುದರಿಂದ ಸಿಂಗಲ್ಸ್‌ನ ಕೊನೆಯ ಸೀಟು ಸಿಗುವವರು ಪಟ್ಟಿಯಲ್ಲಿ ಎಷ್ಟೋ ಕೆಳಗೆ ಇರುತ್ತಾರೆ.

ಭಾರತದ ಕಥೆ ಹೀಗಾಯಿತು. ತಿರುವನಂತಪುರದ ಎಚ್.ಎಸ್. ಪ್ರಣಯ್ ಪಟ್ಟಿಯಲ್ಲಿ 9ನೆಯವರು. ಉತ್ತರಾಖಂಡದ ಅಲ್ಮೋಡಾದಿಂದ ಬಂದು ಬೆಂಗಳೂರಿನ ಪ್ರಕಾಶ್ ಪಡುಕೋಣೆ ಅಕಾಡೆಮಿಯಲ್ಲಿ ಬೆಳೆದ ಲಕ್ಷ್ಯ ಸೇನ್ 13ನೆಯವರು. ಇಬ್ಬರೂ 16ರೊಳಗೆ, ಇಬ್ಬರಿಗೂ ಸೀಟು. 2018ರಲ್ಲಿ ಜಗತ್ತಿಗೇ ನಂಬರ್ ಒನ್ ಆಗಿದ್ದ ಕಿದಂಬಿ ಶ್ರೀಕಾಂತ್‌ಗೆ ಸೀಟಿಲ್ಲ. ಪ್ರಣಯ್‌ಗೆ ಆಗ ಮೂವತ್ತೆರಡು ವರ್ಷ, ಅದು ಅವರ ಮೊದಲ ಒಲಿಂಪಿಕ್ಸ್. ಹೆಸರು ನೋಡಿ ಕೊಡುವುದಾಗಿದ್ದರೆ ಹೀಗಾಗುತ್ತಿತ್ತೇ? ಪಟ್ಟಿಗೆ ಹೆಸರು ಗೊತ್ತಿಲ್ಲ, ಅಂಕ ಮಾತ್ರ ಗೊತ್ತು.

ಚೆರುಪುಳದ ಹುಡುಗಿ, ಕೊಡಗಿನ ಹೆಣ್ಣುಮಗಳು

ಹೆಂಗಸರ ಡಬಲ್ಸ್‌ನ ಕಥೆ ನಮಗೆ ಇನ್ನೂ ಹತ್ತಿರದ್ದು.

ನಮ್ಮ ಜಿಲ್ಲೆಯ ಚಿತ್ತಾರಿಕ್ಕಲ್ ದಾಟಿದರೆ ಕಣ್ಣೂರು ಜಿಲ್ಲೆಯ ಚೆರುಪುಳ. ಟ್ರೀಸಾ ಜಾಲಿ ಆ ಕಡೆಯ ಹುಡುಗಿ. ಅಪ್ಪ ದೈಹಿಕ ಶಿಕ್ಷಣದ ಅಧ್ಯಾಪಕರು, ಮನೆಯ ಬಳಿ ಮಣ್ಣಿನ ಕೋರ್ಟು ಮಾಡಿ ಮಗಳಿಗೆ ಆಟ ಹೇಳಿಕೊಟ್ಟವರು. ಅಲ್ಲಿಂದ ಹೈದರಾಬಾದಿಗೆ ಹೋಗಿ, ಗಾಯತ್ರಿ ಗೋಪಿಚಂದ್ ಜೊತೆ ಜೋಡಿಯಾದರು. 2022ರ ಆಲ್ ಇಂಗ್ಲೆಂಡ್ ಪಂದ್ಯಾವಳಿಯಲ್ಲಿ ಈ ಜೋಡಿಗೆ ಮೊದಲು ಜಾಗವೇ ಇರಲಿಲ್ಲ, ಕಾಯುವವರ ಪಟ್ಟಿಯಲ್ಲಿ ಇದ್ದರು. ಯಾರೋ ಬಿಟ್ಟ ಜಾಗಕ್ಕೆ ಒಳಗೆ ಹೋಗಿ ಸೆಮಿಫೈನಲ್ ತನಕ ಬಂದರು. ಮರುವರ್ಷ ಮತ್ತೆ ಸೆಮಿಫೈನಲ್.

ಇನ್ನೊಂದು ಜೋಡಿ ಕೊಡಗು ಮೂಲದ ಅಶ್ವಿನಿ ಪೊನ್ನಪ್ಪ ಮತ್ತು ಗೋವಾ ಮೂಲದ ತನಿಷಾ ಕ್ರಾಸ್ಟೊ. ಇವರಿಬ್ಬರೂ ಜೊತೆಗೂಡಿದ್ದೇ 2023ರಲ್ಲಿ. ವರ್ಷದ ಕೊನೆಯೊಳಗೆ ಅಬುಧಾಬಿ, ಗುವಾಹಟಿಗಳಲ್ಲಿ ಗೆದ್ದರು, ಲಖನೌದಲ್ಲಿ ಫೈನಲ್ ತನಕ ಬಂದರು. ಆಲ್ ಇಂಗ್ಲೆಂಡ್‌ನಷ್ಟು ದೊಡ್ಡ ಹೆಸರಿನ ಪಂದ್ಯಾವಳಿಗಳಲ್ಲ ಇವು. ಆದರೆ ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ. ಏಪ್ರಿಲ್ ಕೊನೆಗೆ ಪಟ್ಟಿ ಬಂದಾಗ ಅಶ್ವಿನಿ-ತನಿಷಾ 13ನೆಯ ಸ್ಥಾನ. ಟ್ರೀಸಾ-ಗಾಯತ್ರಿ ಅವರಿಗಿಂತ ಕೆಳಗೆ. ಎರಡು ಜೋಡಿ ಹೋಗಲು ಎರಡೂ 8ರೊಳಗೆ ಇರಬೇಕಲ್ಲ? ಆದ್ದರಿಂದ ಒಂದೇ ಜೋಡಿ. ಅಶ್ವಿನಿ-ತನಿಷಾ ಪ್ಯಾರಿಸ್‌ಗೆ ಹೋದರು, ಟ್ರೀಸಾ-ಗಾಯತ್ರಿ ಉಳಿದರು.

ಒಂದು ಕಡೆ ನಮ್ಮ ನೆರೆಯ ಹುಡುಗಿ, ಇನ್ನೊಂದು ಕಡೆ ಕೊಡಗಿನ ಹೆಣ್ಣುಮಗಳು. ಯಾರ ಪರ ಎನ್ನೋಣ? ಇಬ್ಬರ ಪರವೂ. ಆದರೆ ಇದು ಅನ್ಯಾಯವೇ ಎಂದು ಕೇಳಿದರೆ, ಅಲ್ಲ ಎಂದೇ ಹೇಳುತ್ತೇವೆ.

ಮಿತಿ ಯಾಕೆ ಬೇಕು

ಕೇರಳದ ಶಾಲೆಗಳಲ್ಲಿ ಕಲಿಸುವ, ಕಲಿಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಲೋತ್ಸವ ನೋಡಿದವರಲ್ಲವೇ ನಾವು? ಉಪಜಿಲ್ಲೆಯಲ್ಲಿ ಎರಡನೆಯ ಸ್ಥಾನ ಬಂದ ಮಗು ಇನ್ನೊಂದು ಉಪಜಿಲ್ಲೆಯ ಮೊದಲನೆಯ ಮಗುವಿಗಿಂತ ಚೆನ್ನಾಗಿ ಹಾಡಿರಬಹುದು. ಆದರೂ ಜಿಲ್ಲೆಗೆ ಹೋಗುವುದು ಮೊದಲನೆಯವರು. ಹೆತ್ತವರಿಗೆ ಬೇಸರ, ಅಪೀಲಿನ ಓಡಾಟ, ಎಲ್ಲ ಗೊತ್ತಿದ್ದದ್ದೇ. ಆದರೆ ಹೀಗೆ ಹಂಚದಿದ್ದರೆ ಏನಾದೀತು? ಪೇಟೆಯ ಎರಡು ದೊಡ್ಡ ಶಾಲೆಗಳೇ ಇಡೀ ವೇದಿಕೆ ತುಂಬಿಕೊಂಡಾವು. ಮೂಲೆಯ ಶಾಲೆಯ ಮಗು ಜಿಲ್ಲಾ ವೇದಿಕೆಯನ್ನು ಕಣ್ಣಿನಿಂದ ಕೂಡ ನೋಡಲಿಕ್ಕಿಲ್ಲ.

ಒಲಿಂಪಿಕ್ಸ್‌ನಲ್ಲೂ ಅದೇ. ಪ್ಯಾರಿಸ್‌ನಲ್ಲಿ ಪಿ.ವಿ. ಸಿಂಧು ಅವರ ಮೊದಲ ಎದುರಾಳಿ ಮಾಲ್ದೀವ್ಸ್‌ನ ಫಾತಿಮತ್ ನಬಾಹಾ ಅಬ್ದುಲ್ ರಜಾಕ್. ನಮ್ಮ ಅರಬ್ಬಿ ಸಮುದ್ರದ ಆಚೆಗಿನ ಪುಟ್ಟ ದೇಶ. 21-9, 21-6ಕ್ಕೆ ಆಟ ಮುಗಿಯಿತು. "ಇಂಥವರು ಯಾಕೆ ಬೇಕು, ನಮ್ಮ ಇನ್ನೊಬ್ಬರು ಹೋಗಬಹುದಿತ್ತಲ್ಲ" ಎಂದವರನ್ನು ನಾವು ಕೇಳಿದ್ದೇವೆ. ಹಾಗಾದರೆ ಚೀನಾದವರು ನಮ್ಮ ಅಶ್ವಿನಿಯವರನ್ನು ನೋಡಿ ಅದೇ ಮಾತು ಹೇಳಬಹುದಲ್ಲ? ಅಶ್ವಿನಿ-ತನಿಷಾ ಗುಂಪಿನ ಮೂರು ಪಂದ್ಯಗಳನ್ನೂ ಸೋತರು. ಜಪಾನ್, ಚೀನಾಗಳ ಮೂರನೆಯ ಜೋಡಿಗಳು ಮನೆಯಲ್ಲಿ ಕೂತು ಅದನ್ನು ನೋಡಿದವು. ನಮಗೆ ಸೀಟು ಕೊಟ್ಟ ನಿಯಮವೇ ಮಾಲ್ದೀವ್ಸ್‌ನಂಥವರಿಗೂ ಜಾಗ ಉಳಿಸಿಕೊಟ್ಟದ್ದು. ಒಂದನ್ನು ಹಿಡಿದುಕೊಂಡು ಇನ್ನೊಂದನ್ನು ಬಯ್ಯಲಾಗದು.

ಬಾಗಿಲು ತೆರೆದಿಟ್ಟರೆ ಕೆಲವೊಮ್ಮೆ ದೊಡ್ಡದೇ ಆಗುತ್ತದೆ. ಮಧ್ಯ ಅಮೆರಿಕದ ಗ್ವಾಟೆಮಾಲಾ ಎಂಬ ದೇಶವನ್ನು ಭೂಪಟದಲ್ಲಿ ತೋರಿಸಿ ಎಂದರೆ ನಮ್ಮಲ್ಲಿ ಎಷ್ಟು ಮಂದಿಗೆ ಆದೀತು? ಅಲ್ಲಿಯ ಕೆವಿನ್ ಕಾರ್ಡೊನ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ಗೆ ಹೋಗುವಾಗ ವಿಶ್ವ ರ‍್ಯಾಂಕಿಂಗ್‌ನಲ್ಲಿ 59ನೆಯವರು. ಒಬ್ಬೊಬ್ಬರನ್ನೇ ಸೋಲಿಸುತ್ತಾ ಸೆಮಿಫೈನಲ್‌ಗೆ ಬಂದರು, ಕೊನೆಗೆ ನಾಲ್ಕನೆಯ ಸ್ಥಾನ. ಮೂರನೆಯ, ನಾಲ್ಕನೆಯ ಚೀನೀ ಆಟಗಾರನನ್ನು ಸೇರಿಸಿಕೊಳ್ಳುವ ನಿಯಮ ಇದ್ದಿದ್ದರೆ ಇಂಥವರಿಗೆ ಬ್ಯಾಟು ಹಿಡಿಯಲು ಜಾಗ ಎಲ್ಲಿರುತ್ತಿತ್ತು? ಪ್ಯಾರಿಸ್‌ನಲ್ಲಿ ನಿರಾಶ್ರಿತರ ತಂಡದಿಂದ ಇರಾನ್ ಮೂಲದ ದೋರ್ಸಾ ಯಾವರಿವಫಾ ಆಡಿದರು. ಹೇಳಿಕೊಳ್ಳಲು ಒಂದು ದೇಶ ಇಲ್ಲದವರಿಗೂ ಅಲ್ಲಿ ಒಂದು ಸೀಟಿತ್ತು.

ರಾಜ್ಯದ ಮೂಲೆಯಲ್ಲಿರುವ ನಮಗೆ, ಎಣಿಕೆಯಲ್ಲಿ ಕಡಿಮೆ ಇರುವ ನಮಗೆ ಇದರ ಬೆಲೆ ಗೊತ್ತಿರಬೇಕು. ಕನ್ನಡ ಬಲ್ಲವರಿಗೆಂದು ಮೀಸಲಿಟ್ಟ ಹುದ್ದೆ ಇರುವುದರಿಂದ ಇಂದು ನಮ್ಮ ಎಷ್ಟೋ ತರಗತಿಗಳಲ್ಲಿ ಕನ್ನಡದ ಅಧ್ಯಾಪಕರಿದ್ದಾರೆ. ಎಲ್ಲವನ್ನೂ ಎಣಿಕೆಗೇ ಬಿಟ್ಟರೆ ಕಡಿಮೆ ಇರುವವರು ಎಲ್ಲಿಯೂ ಉಳಿಯುವುದಿಲ್ಲ. ದಾನ ಬೇರೆ, ಪಾಲು ಬೇರೆ. ಇದು ಪಾಲು.

ಎರಡನೆಯ ಲೆಕ್ಕ

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಸೀಟು ಹಂಚುವ ನಿಯಮ ನ್ಯಾಯದ್ದೇ. ಅಂಕ ಗಳಿಸುವ ದಾರಿ ಎಲ್ಲರಿಗೂ ಒಂದೇ ಸಮ ಇಲ್ಲ.

ಪಂದ್ಯಾವಳಿಗಳಿಗೆ ಮೆಟ್ಟಿಲುಗಳಿವೆ. ಎಲ್ಲಕ್ಕಿಂತ ಕೆಳಗೆ ಫ್ಯೂಚರ್ ಸೀರೀಸ್, ಅದರ ಮೇಲೆ ಇಂಟರ್‌ನ್ಯಾಷನಲ್ ಸೀರೀಸ್, ಇಂಟರ್‌ನ್ಯಾಷನಲ್ ಚಾಲೆಂಜ್, ಆಮೇಲೆ ಸೂಪರ್ 100, 300, 500, 750, 1000. ಮೇಲಕ್ಕೆ ಹೋದಂತೆ ಅಂಕ ಹೆಚ್ಚು. ಪ್ಯಾರಿಸ್‌ನ ಲೆಕ್ಕದಲ್ಲಿ ಸೂಪರ್ 1000 ಗೆದ್ದವರಿಗೆ 12,000 ಅಂಕ. ಅಲ್ಲಿ ಮೊದಲನೆಯ ಸುತ್ತಿನಲ್ಲೇ ಸೋತವರಿಗೂ 3,000 ಅಂಕ. ಇಂಟರ್‌ನ್ಯಾಷನಲ್ ಸೀರೀಸ್‌ನಲ್ಲಿ ಒಂದರ ಮೇಲೊಂದು ಎಲ್ಲ ಪಂದ್ಯ ಗೆದ್ದು ಕಪ್ ಎತ್ತಿದವರಿಗೆ ಎಷ್ಟು ಗೊತ್ತೇ? 2,500.

ಇನ್ನೊಮ್ಮೆ ಓದಿ. ದೊಡ್ಡ ಕಡೆ ಸೋತವರಿಗೆ 3,000, ಸಣ್ಣ ಕಡೆ ಗೆದ್ದವರಿಗೆ 2,500.

"ದೊಡ್ಡ ಕಡೆ ಆಡಲು ಮೊದಲು ಅಷ್ಟು ಅರ್ಹತೆ ಗಳಿಸಿರಬೇಕಲ್ಲ" ಎಂದು ನೀವು ಕೇಳಬಹುದು. ನಿಜ, ರ‍್ಯಾಂಕ್ ಇಲ್ಲದವರನ್ನು ಅಲ್ಲಿ ಒಳಗೆ ಬಿಡುವುದಿಲ್ಲ. ಆದರೆ ಆ ರ‍್ಯಾಂಕ್ ಬರಬೇಕಾದರೆ ಸಣ್ಣ ಸಣ್ಣ ಪಂದ್ಯಾವಳಿಗಳಿಗೆ ದೇಶದಿಂದ ದೇಶಕ್ಕೆ ಹೋಗುತ್ತಾ ಇರಬೇಕು. ಅಲ್ಲಿ ಬಹುಮಾನದ ಹಣ ಕಡಿಮೆ, ವಿಮಾನದ ಟಿಕೆಟು ಕಡಿಮೆ ಅಲ್ಲ.

ಇನ್ನೊಂದು ವಿಷಯ. ಒಂದು ವರ್ಷದಲ್ಲಿ ಎಷ್ಟು ಪಂದ್ಯಾವಳಿ ಆಡಿದರೂ ಅತ್ಯುತ್ತಮ ಹತ್ತರ ಅಂಕ ಮಾತ್ರ ಕೂಡಿಸುವುದು. ಕೇಳಲು ಚೆನ್ನಾಗಿದೆ. ಗಣಿತದ ಅಧ್ಯಾಪಕರು ಇದನ್ನು ಬೋರ್ಡಿನ ಮೇಲೆ ಬರೆದು ನೋಡಲಿ. ಒಂದೇ ಸಾಮರ್ಥ್ಯದ ಇಬ್ಬರು ಆಟಗಾರರು. ಒಬ್ಬರಲ್ಲಿ ಹತ್ತು ಪಂದ್ಯಾವಳಿಗಷ್ಟೇ ಹಣ. ಜ್ವರ ಬಂದ ದಿನ, ಕಾಲು ಉಳುಕಿದ ದಿನ, ಸುಮ್ಮನೆ ಆಟ ಕೈಕೊಟ್ಟ ದಿನ, ಎಲ್ಲವೂ ಅವರ ಲೆಕ್ಕದಲ್ಲಿ ಸೇರುತ್ತವೆ. ಇನ್ನೊಬ್ಬರು ಇಪ್ಪತ್ತು ಕಡೆ ಹೋಗುತ್ತಾರೆ. ಕೆಟ್ಟ ಹತ್ತು ದಿನಗಳನ್ನು ತೆಗೆದು ಬಿಸಾಡಿ, ಒಳ್ಳೆಯ ಹತ್ತನ್ನು ಇಟ್ಟುಕೊಳ್ಳುತ್ತಾರೆ. ನಿಯಮ ಇಬ್ಬರಿಗೂ ಒಂದೇ. ಆದರೂ ಒಬ್ಬರಿಗೆ ಸೋಲಲು ಅವಕಾಶ ಉಂಟು, ಇನ್ನೊಬ್ಬರಿಗೆ ಇಲ್ಲ.

ಇದು ನಾವು ಕಟ್ಟಿ ಹೇಳುತ್ತಿರುವ ಮಾತಲ್ಲ. ತಾವು ಹೆಚ್ಚಿನ ಪಂದ್ಯಾವಳಿಗಳನ್ನು ಸ್ವಂತವಾಗಿಯೇ ಹೋಗಿ ಆಡಬೇಕಾಯಿತು, ಸರಕಾರದ ಯೋಜನೆಯ ಸಹಾಯ ಸಿಕ್ಕಿದ್ದು ತಡವಾಗಿ ಎಂದು ಅಶ್ವಿನಿಯವರೇ 2024ರ ಆಗಸ್ಟ್‌ನಲ್ಲಿ ಬಹಿರಂಗವಾಗಿ ಹೇಳಿದರು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಪದಕ, ಕಾಮನ್‌ವೆಲ್ತ್‌ನಲ್ಲಿ ಚಿನ್ನ ಗೆದ್ದವರ ಪಾಡೇ ಹೀಗಾದರೆ ಹೊಸಬರದು ಹೇಗಿರಬೇಡ!

ಆಟವೇ ನಿಂತುಹೋದರೆ ಲೆಕ್ಕವೂ ನಿಲ್ಲುತ್ತದೆ. 2021ರಲ್ಲಿ ಕೊರೊನಾದಿಂದ ಭಾರತ, ಮಲೇಷ್ಯಾ, ಸಿಂಗಾಪುರದ ಪಂದ್ಯಾವಳಿಗಳು ಒಂದೊಂದಾಗಿ ನಿಂತುಹೋದವು. ಮೇ ಕೊನೆಗೆ, ಇನ್ನು ಯಾವ ಪಂದ್ಯಾವಳಿಯೂ ಇಲ್ಲ, ಪಟ್ಟಿ ಬದಲಾಗುವುದಿಲ್ಲ ಎಂದು ಪ್ರಕಟಣೆ ಬಂತು. 2012ರಲ್ಲಿ ಒಲಿಂಪಿಕ್ಸ್ ಕಂಚು ಗೆದ್ದ ಸೈನಾ ನೆಹವಾಲ್ ಮತ್ತು ಶ್ರೀಕಾಂತ್ ಇಬ್ಬರೂ ಕೊನೆಯ ಅಂಕಗಳಿಗಾಗಿ ಕಾಯುತ್ತಿದ್ದವರು ಅಲ್ಲೇ ಉಳಿದರು. ಆಡಿ ಸೋತದ್ದಲ್ಲ, ಆಡಲು ಪಂದ್ಯವೇ ಇಲ್ಲದೆ ಹೊರಗಾದದ್ದು.

ಹಾಗಾದರೆ ಪರಿಹಾರ? ನಮಗೆ ಕಾಣುವುದು ಒಂದು. ಮನೆಯ ಹತ್ತಿರ ಹೆಚ್ಚು ಪಂದ್ಯಾವಳಿಗಳು ನಡೆಯಬೇಕು. ಅಶ್ವಿನಿ-ತನಿಷಾ ಅವರ ಅಂಕಗಳಲ್ಲಿ ಗುವಾಹಟಿಯದ್ದೂ ಲಖನೌದ್ದೂ ಸೇರಿವೆ. ಭಾರತದೊಳಗೇ ನಡೆದ ಪಂದ್ಯಾವಳಿಗಳು ಅವು. ಯುರೋಪಿಗೆ ಹೋಗುವ ಖರ್ಚಿಲ್ಲದೆ ಬಂದ ಅಂಕ. ಇಂಥ ಸಣ್ಣ ಅಂತಾರಾಷ್ಟ್ರೀಯ ಪಂದ್ಯಾವಳಿಗಳು ದೇಶದಲ್ಲಿ ಹೆಚ್ಚಿದಷ್ಟೂ ಬಡ ಮನೆಯ ಮಕ್ಕಳಿಗೆ ಏಣಿಯ ಮೊದಲ ಮೆಟ್ಟಿಲು ಕೈಗೆಟಕುತ್ತದೆ. ದೊಡ್ಡ ಸ್ಟೇಡಿಯಂ ಕಟ್ಟಿ ಕಲ್ಲು ಹಾಕಿಸುವುದಕ್ಕಿಂತ ಇದು ಉಪಯೋಗದ ಕೆಲಸ.

ನಮ್ಮ ಶಾಲೆಗಳಲ್ಲಿ ಆಗಬಹುದಾದ್ದು

ಒಲಿಂಪಿಕ್ಸ್ ಎಲ್ಲಿ, ನಮ್ಮ ಶಾಲೆಯ ಅಂಗಳ ಎಲ್ಲಿ ಎನ್ನಬೇಡಿ. ಪ್ರಕಾಶ್ ಪಡುಕೋಣೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಆಡಿ ಬೆಳೆದದ್ದು ಕೆನರಾ ಯೂನಿಯನ್‌ನ ಮದುವೆ ಹಾಲಿನಲ್ಲಿ. ಮದುವೆ ಇಲ್ಲದ ದಿನ ಆಟ. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಅವರಿಗೆ ಒಲಿಂಪಿಕ್ಸ್ ಪದಕಕ್ಕಾಗಿ ಆಡುವ ಯೋಗ ಬರಲಿಲ್ಲ, ಏಕೆಂದರೆ ಬ್ಯಾಡ್ಮಿಂಟನ್ ಪದಕದ ಆಟವಾಗಿ ಸೇರಿದ್ದೇ 1992ರಲ್ಲಿ. ಈಗಿನ ಮಕ್ಕಳಿಗೆ ಆ ಬಾಗಿಲಾದರೂ ಇದೆ.

ಮೊದಲನೆಯದು, ಆಟದ ಪಿರಿಯಡನ್ನು ಆಟಕ್ಕೇ ಬಿಡೋಣ. ನಮ್ಮ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕಡಿಮೆ, ಸಂಖ್ಯೆ ಕಡಿಮೆಯಾದಲ್ಲಿ ದೈಹಿಕ ಶಿಕ್ಷಣದ ಹುದ್ದೆಯೂ ಸಿಗುವುದಿಲ್ಲ. ಇರುವ ಒಂದು ಪಿರಿಯಡನ್ನೂ ಪಾಠ ಮುಗಿದಿಲ್ಲವೆಂದು ನಾವು ಅಧ್ಯಾಪಕರೇ ಕಿತ್ತುಕೊಂಡರೆ ಮಕ್ಕಳು ಯಾರ ಹತ್ತಿರ ಅಪೀಲು ಕೊಡಬೇಕು?

ಎರಡನೆಯದು, ಮಾಹಿತಿ ಸಮಯಕ್ಕೆ ಮುಟ್ಟಬೇಕು, ಮಕ್ಕಳ ಮನೆಯವರು ಓದುವ ಭಾಷೆಯಲ್ಲಿ ಮುಟ್ಟಬೇಕು. ಜಿಲ್ಲಾ ಮಟ್ಟದ ಆಯ್ಕೆ ಯಾವತ್ತು, ವಯಸ್ಸಿನ ಮಿತಿ ಎಷ್ಟು, ಜನನ ಪ್ರಮಾಣಪತ್ರದಲ್ಲಿ ಹೆಸರು ಸರಿಯಿದೆಯೇ, ಎಲ್ಲಿ ನೋಂದಣಿ ಮಾಡಿಸಬೇಕು. ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಚ್ಚಲು ಯಾರ ಆದೇಶವೂ ಬೇಡ. ನಿಯಮ ಗೊತ್ತಿಲ್ಲದವನಿಗೆ ಬಾಗಿಲು ಇದ್ದೂ ಗೋಡೆಯೇ.

ಮೂರನೆಯದು ಊರಿನ ಕ್ಲಬ್ಬುಗಳಿಗೆ. ಬೇಸಿಗೆಯಲ್ಲಿ ಲೈಟು ಹಾಕಿ ಶಟಲ್ ಟೂರ್ನಮೆಂಟು ಮಾಡುತ್ತೀರಿ, ಬಹಳ ಸಂತೋಷ. ಆಳೆತ್ತರದ ಟ್ರೋಫಿ, ಮೈಕ್, ಬ್ಯಾನರಿಗೆ ಹೋಗುವ ಹಣದಲ್ಲಿ ಒಂದು ಪಾಲು ತೆಗೆದಿಡಿ. ಊರಿನ ಒಬ್ಬ ಹುಡುಗಿ, ಒಬ್ಬ ಹುಡುಗನಿಗೆ ವರ್ಷದ ಬಸ್ಸು-ರೈಲಿನ ಖರ್ಚು ಕೊಡಿ. ಕಣ್ಣೂರಿಗೋ ಎರ್ನಾಕುಳಕ್ಕೋ ಹೋಗಿ ಬರಲಿ, ಸೋತೇ ಬರಲಿ. ನಾವು ಮೇಲೆ ಹೇಳಿದ ಎರಡನೆಯ ಲೆಕ್ಕ ಸರಿಯಾಗುವುದು ಇಂಥ ಕಡೆಯಿಂದಲೇ. ಸೋಲಲು ಅವಕಾಶ ಇರುವ ಮಗು ಮಾತ್ರ ಗೆಲ್ಲಲು ಕಲಿಯುತ್ತದೆ.

ನಮ್ಮ ಮಕ್ಕಳಲ್ಲಿ ಒಬ್ಬರೂ ಒಲಿಂಪಿಕ್ಸ್ ತನಕ ಹೋಗದಿರಬಹುದು. ಇಡೀ ಜಗತ್ತಿಗೆ 172 ಸೀಟು ಎಂದಮೇಲೆ ಸುಳ್ಳು ಆಸೆ ಹುಟ್ಟಿಸುವುದು ಅಧ್ಯಾಪಕರಿಗೆ ಹೇಳಿದ ಕೆಲಸವಲ್ಲ. ಆದರೆ 'ಎಲ್ಲ ವಶೀಲಿ' ಎಂಬ ಸುಳ್ಳು ನಿರಾಸೆ ಹುಟ್ಟಿಸುವುದೂ ನಮ್ಮ ಕೆಲಸವಲ್ಲ. ಟ್ರೀಸಾ-ಗಾಯತ್ರಿ ಪ್ಯಾರಿಸ್ ತಪ್ಪಿದ ಅದೇ ವರ್ಷದ ಡಿಸೆಂಬರ್ 1ರಂದು ಲಖನೌದಲ್ಲಿ ಸಯ್ಯದ್ ಮೋದಿ ಪಂದ್ಯಾವಳಿ ಗೆದ್ದರು. ಪಟ್ಟಿ ಮುಗಿದ ಮೇಲೂ ಆಟ ಮುಗಿದಿರಲಿಲ್ಲ.

ಮುಂದಿನ ಒಲಿಂಪಿಕ್ಸ್ 2028ರಲ್ಲಿ ಲಾಸ್ ಏಂಜಲೀಸ್‌ನಲ್ಲಿ. ಅಷ್ಟರೊಳಗೆ ನಮ್ಮ ಪ್ರತಿ ಶಾಲೆಯಲ್ಲೂ ಒಂದು ಗಣಿತ ಪಿರಿಯಡಿನಲ್ಲಿ ಈ ಅಂಕದ ಲೆಕ್ಕ ಮಾಡಿಸಿದರೆ, ಒಂದು ಕಡೆ ನೆಟ್ ಕಟ್ಟಿಸಿದರೆ ಸಾಕು. ಹೆತ್ತವರೇ, ಸಹ ಅಧ್ಯಾಪಕರೇ, ಇದು ನಮ್ಮ ಕೈಯಲ್ಲಿ ಆಗದ ಕೆಲಸವೇ? ನೀವೇನಂತೀರಿ?